ಮುಂಬೈ ಟೇಬಲ್ಲಿಗೆ ಯಾವ ಕಂಟ್ರೋಲ್ ಡೆಕ್ ಕಟ್ಟಬೇಕು?

"ಅಣ್ಣಾ, ಈಗ ಎಲ್ಲಕ್ಕಿಂತ ಒಳ್ಳೆಯ ಕಂಟ್ರೋಲ್ ಡೆಕ್ ಯಾವುದು?" ಮ್ಯಾಜಿಕ್ ದ ಗ್ಯಾದರಿಂಗ್ ಥರದ ಕಾರ್ಡ್ ಆಟಗಳ ಟೂರ್ನಮೆಂಟಿಗೆ ಹೊಸದಾಗಿ ಬರುವ ಹುಡುಗರು ಮೊದಲು ಕೇಳುವುದು ಇದನ್ನೇ. ಡೆಕ್ ಅಂದರೆ ಆಟಗಾರ ತಾನೇ ಆರಿಸಿ ಕಟ್ಟಿದ ಎಲೆಗಳ ಕಟ್ಟು. ನಾನು ತಿರುಗಿ ಕೇಳುವುದು: ನೀನು ಭಾನುವಾರ ಆಡಲು ಹೋಗುವ ಅಂಗಡಿಯಲ್ಲಿ ಉಳಿದವರು ಏನು ಆಡುತ್ತಾರೆ? ಅದು ಗೊತ್ತಿಲ್ಲದಿದ್ದರೆ ನನಗೂ ಹೇಳಲು ಏನೂ ಇಲ್ಲ.

ಯಾಕೆಂದರೆ ಅಗ್ರೋ ಡೆಕ್‌ಗೆ ಎದುರು ಯಾರು ಕೂತರೂ ಕೆಲಸ ಒಂದೇ, ಹೊಡೆಯುವುದು. ಎದುರಿನವರ 20 ಲೈಫ್ ಪಾಯಿಂಟ್ ಇಳಿಸಿದರೆ ಆಟ ಮುಗಿಯಿತು. ಕಂಟ್ರೋಲ್ ಹಾಗಲ್ಲ. ಅದು ಎದುರಿನವರ ಆಟ ಕೆಡಿಸುತ್ತಾ, ತಾನು ಸಾಯದೆ ಉಳಿದು, ನಿಧಾನಕ್ಕೆ ಗೆಲ್ಲುವ ಡೆಕ್. ಯಾವ ಆಟವನ್ನು ಕೆಡಿಸಬೇಕು ಅಂತ ಗೊತ್ತಿಲ್ಲದೆ ಕಟ್ಟಿದರೆ ಕೈತುಂಬ ಎಲೆ ಇರುತ್ತದೆ, ಒಂದೂ ಕೆಲಸಕ್ಕೆ ಬರುವುದಿಲ್ಲ. ದೊಡ್ಡ ಟೂರ್ನಮೆಂಟಿನಲ್ಲಿ ಗೆದ್ದ ಡೆಕ್ಕಿನ ಪಟ್ಟಿಯನ್ನು ಹಾಗೇ ಇಳಿಸಿಕೊಂಡು ಬಂದವರು ಇಲ್ಲಿ ಮೊದಲ ಸುತ್ತಲ್ಲೇ ಸೋಲುವುದು ಇದಕ್ಕೇ. ಆ ಪಟ್ಟಿ ಆ ಹಾಲ್‌ಗೆ ಬರೆದದ್ದು. ನಮ್ಮದು ಹದಿನೈದು ಇಪ್ಪತ್ತು ಜನ ಸೇರುವ ಸಣ್ಣ ಕೋಣೆ. ಯಾರು ಏನು ಆಡುತ್ತಾರೆ ಅಂತ ಎರಡು ವಾರ ನೋಡಿದರೆ ಗೊತ್ತಾಗಿಬಿಡುತ್ತದೆ. ಮೊಬೈಲಲ್ಲಿ ಬರೆದಿಟ್ಟುಕೊಳ್ಳಿ: ಕೆಂಪು ಅಗ್ರೋ ಎಷ್ಟು, ಕಾಂಬೋ (ಕೆಲವು ಎಲೆ ಜೋಡಿಸಿ ಒಮ್ಮೆಲೇ ಗೆಲ್ಲುವ ಡೆಕ್) ಎಷ್ಟು, ನಿಮ್ಮ ಹಾಗೇ ಕಂಟ್ರೋಲ್ ಹಿಡಿದವರು ಎಷ್ಟು. ಮುಂದೆ ಹೇಳುವುದೆಲ್ಲ ಆ ಲೆಕ್ಕದ ಮೇಲೇ ನಿಂತಿದೆ.

ನಮ್ಮ ಗುಂಪಿನಲ್ಲಿ ಉಡುಪಿ, ಮಂಗಳೂರು ಮೂಲದವರು ಜಾಸ್ತಿ. ಧಾರವಾಡ ಕಡೆಯವರು ಕೆಲವರು. ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿ, ಥಾಣೆಯಲ್ಲೇ ಆದವರೂ ಇದ್ದಾರೆ. ಅಪ್ಪ ಅಮ್ಮ ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ನಾಟಕಕ್ಕೆ ಹೋದರೆ ಮಕ್ಕಳು ಡೆಕ್ ಬಾಕ್ಸ್ ಹಿಡಿದು ಇನ್ನೊಂದು ದಿಕ್ಕಿಗೆ. ಹೆಚ್ಚಿನವರು ಆಡುವುದು ಮ್ಯಾಜಿಕ್ ದ ಗ್ಯಾದರಿಂಗ್. ಹಾಗಾಗಿ ನಾನು ಮುಖ್ಯವಾಗಿ ಅದರ ಬಗ್ಗೆಯೇ ಬರೆಯುತ್ತೇನೆ.

ಮೊದಲು ಫಾರ್ಮ್ಯಾಟ್

ಫಾರ್ಮ್ಯಾಟ್ ಅಂದರೆ ಯಾವ ಎಲೆಗಳು ನಡೆಯುತ್ತವೆ ಅನ್ನುವ ಕಟ್ಟುಪಾಡು. ಜೇಬು ನೋಡಿಕೊಂಡು ಆರಿಸುವ ವಿಷಯ ಇದು. ಪಾಪರ್, ಪಯೋನಿಯರ್, ಸ್ಟ್ಯಾಂಡರ್ಡ್, ಈ ಮೂರರಲ್ಲಿ ಒಂದು.

ಪಾಪರ್‌ನಲ್ಲಿ ಯಾವಾಗಲಾದರೂ ಕಾಮನ್ (ಹೆಚ್ಚು ಸಿಗುವ ದರ್ಜೆ) ಆಗಿ ಅಚ್ಚಾದ ಎಲೆಗಳಷ್ಟೇ ನಡೆಯುತ್ತವೆ. ಹೆಸರು ಕೇಳಿ ಬಡವರ ಆಟ ಅಂದುಕೊಳ್ಳಬೇಡಿ. ಎರಡು ನೀಲಿ ಮಾನಾ (ಲ್ಯಾಂಡ್ ಎಲೆಗಳಿಂದ ಸಿಗುವ, ಬೇರೆ ಎಲೆ ಆಡಲು ಕೊಡುವ ಬೆಲೆ) ಕೊಟ್ಟರೆ ಎದುರಿನವರು ಆಡುವ ಯಾವ ಸ್ಪೆಲ್, ಅಂದರೆ ಲ್ಯಾಂಡ್ ಅಲ್ಲದ ಯಾವ ಎಲೆ ಬೇಕಾದರೂ ತಡೆಯುವ ಕೌಂಟರ್‌ಸ್ಪೆಲ್ ಇಲ್ಲಿ ಇದೆ. ಬ್ರೇನ್‌ಸ್ಟಾರ್ಮ್ ಇದೆ, ಪಾಂಡರ್ ಇದೆ. ಪಯೋನಿಯರ್‌ನಲ್ಲಿ ಈ ಮೂರೂ ಸಿಗುವುದಿಲ್ಲ. ಪಾಪರ್‌ನ ಕೊರತೆ ಅಂದರೆ ಇಡೀ ಟೇಬಲ್ ಗುಡಿಸಿ ಹಾಕುವ ದೊಡ್ಡ ಸ್ವೀಪರ್ ಇಲ್ಲ. ಕ್ರಿಪ್ಟ್ ರ್‍ಯಾಟ್ಸ್ ಥರದ್ದರಲ್ಲಿ ಕೆಲಸ ಸಾಗಿಸಬೇಕು. ಅದು ಕಪ್ಪು ಮಾನಾ ಎಷ್ಟು ಸುರಿದರೆ ಅಷ್ಟು ಏಟು ಟೇಬಲ್ ಮೇಲಿನ ಎಲ್ಲ ಜೀವಿಗಳಿಗೂ (ಹೋರಾಡುವ ಎಲೆಗಳಿಗೂ) ಕೊಡುತ್ತದೆ. ಆಟಗಾರರಿಗೂ ಕೊಡುತ್ತದೆ, ನಿಮಗೂ ಸೇರಿ.

ಪಯೋನಿಯರ್ 2019ರಲ್ಲಿ ಶುರುವಾದದ್ದು. 2012ರ ರಿಟರ್ನ್ ಟು ರಾವ್ನಿಕಾ ಸೆಟ್ಟಿನಿಂದ (ಒಟ್ಟಿಗೆ ಬಿಡುಗಡೆಯಾಗುವ ಎಲೆಗಳ ಗುಂಪು) ಈಚೆ ಸ್ಟ್ಯಾಂಡರ್ಡ್‌ಗೆ ಬಂದ ಎಲೆಗಳು ನಡೆಯುತ್ತವೆ. ಬಿಳಿ-ನೀಲಿ ಕಂಟ್ರೋಲ್‌ಗೆ ಬೇಕಾದ ದೊಡ್ಡ ಆಯುಧಗಳೆಲ್ಲ ಇಲ್ಲಿವೆ: ಸುಪ್ರೀಮ್ ವರ್ಡಿಕ್ಟ್, ಅಬ್ಸಾರ್ಬ್, ಮೆಮೊರಿ ಡೆಲ್ಯೂಜ್, ಡೊಮಿನೇರಿಯಾದ ಟೆಫೆರಿ ಅನ್ನುವ ಮಾಂತ್ರಿಕನ ಎಲೆ. ಖರ್ಚು ಜಾಸ್ತಿ. ಆದರೆ ರೊಟೇಷನ್ ಇಲ್ಲ, ಒಮ್ಮೆ ಕೊಂಡದ್ದು ಉಳಿಯುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಹಳೆಯ ಸೆಟ್ಟುಗಳು ಕಾಲ ಬಂದಾಗ ಹೊರಗೆ ಹೋಗುತ್ತವೆ. 2023ರಲ್ಲಿ ಆ ಅವಧಿಯನ್ನು ಎರಡರಿಂದ ಮೂರು ವರ್ಷಕ್ಕೆ ಏರಿಸಿದ್ದಾರೆ, ಆದರೂ ಹೋಗುವುದು ತಪ್ಪಿದ್ದಲ್ಲ.

ನನ್ನನ್ನು ಕೇಳಿದರೆ ಮೊದಲ ಕಂಟ್ರೋಲ್ ಡೆಕ್ ಪಾಪರ್‌ನಲ್ಲಿ ಕಟ್ಟಿ. ಕೈ ಪಳಗಿದ ಮೇಲೆ ಪಯೋನಿಯರ್. ಸ್ಟ್ಯಾಂಡರ್ಡ್ ಆಡಬೇಕು ಅನ್ನಿಸಿದರೆ ಫೋನಿನಲ್ಲಿ ಮ್ಯಾಜಿಕ್‌ನ ಆ್ಯಪ್ ಅರೀನಾ ಇದೆ, ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದ ದಿನ ಆಡಬಹುದು. ಒಂದು ಎಚ್ಚರಿಕೆ: ಅರೀನಾದಲ್ಲಿ ನಿಮ್ಮ ಕೈಯಲ್ಲಿ ಕೌಂಟರ್ (ಸ್ಪೆಲ್ ತಡೆಯುವ ಎಲೆ) ಇದ್ದಾಗ ಆಟ ಒಂದು ಕ್ಷಣ ತಡೆದು ನಿಲ್ಲುತ್ತದೆ. ಜಾಣರು ಅದನ್ನು ನೋಡಿಯೇ ನಿಮ್ಮ ಕೈ ಓದಿಬಿಡುತ್ತಾರೆ. ಎದುರಾಬದುರಾ ಕೂತಾಗ ಈ ಪೀಡೆ ಇಲ್ಲ. ಅಲ್ಲಿ ನಿಮ್ಮ ಮುಖವೇ ಸಾಕು.

ತಡೆಯುವವರು, ಗುಡಿಸುವವರು, ಕಿತ್ತುಕೊಳ್ಳುವವರು

ಕಂಟ್ರೋಲ್ ಅಂದಾಕ್ಷಣ ಎಲ್ಲ ಒಂದೇ ಅಲ್ಲ. ಮೂರು ಬಗೆ ಮಾಡುತ್ತೇನೆ.

ಮೊದಲನೆಯದು ಡ್ರಾ-ಗೋ. ಎಲೆ ಎಳೆಯುವುದು, ಲ್ಯಾಂಡ್ ಇಡುವುದು, "ಗೋ" ಅನ್ನುವುದು. ನಿಮ್ಮ ಸರದಿಯಲ್ಲಿ ಏನೂ ಮಾಡುವುದಿಲ್ಲ. ಎಲ್ಲ ಎದುರಿನವರ ಸರದಿಯಲ್ಲಿ. ಅವರು ದೊಡ್ಡದೇನಾದರೂ ಆಡಿದರೆ ತಡೆಯುವುದು, ಆಡದಿದ್ದರೆ ಅವರ ಸರದಿಯ ಕೊನೆಯಲ್ಲಿ ಎಲೆ ಎಳೆದುಕೊಳ್ಳುವುದು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ ಅನ್ನುವ ಧೈರ್ಯ ಇದರದ್ದು. ಎದುರಿನವರ ಒಳ್ಳೆಯ ಎಲೆ ಯಾವಾಗಲಾದರೂ ಬಂದೇ ಬರುತ್ತದೆ, ಬಂದಾಗ ನೋಡಿಕೊಳ್ಳೋಣ. ದುಬಾರಿ ಸ್ಪೆಲ್ ಒಂದರ ಮೇಲೇ ನಿಂತ ಕಾಂಬೋ ಡೆಕ್ಕುಗಳಿಗೆ ಇದು ಯಮ. ಅಗ್ರೋ, ಕಂಟ್ರೋಲ್ ಎರಡರ ನಡುವಿನ, ನಿಧಾನದ ಮಿಡ್‌ರೇಂಜ್ ಡೆಕ್ಕುಗಳ ಎದುರೂ ಚೆನ್ನ. ಆದರೆ ಎರಡನೆಯವರಾಗಿ ಆಡುವಾಗ ಒಂದು ತಾಪತ್ರಯ. ಎದುರಿನವರು ಎರಡನೆಯ ಸರದಿಯಲ್ಲಿ ಜೀವಿ ಇಳಿಸುವಾಗ ನಿಮ್ಮ ಬಳಿ ಒಂದೇ ಲ್ಯಾಂಡ್. ಎರಡು ಮಾನಾದ ಕೌಂಟರ್ ಕೈಯಲ್ಲೇ ಇರುತ್ತದೆ, ಜೀವಿ ಟೇಬಲ್ ಮೇಲೆ ಬಂದು ಕೂತಿರುತ್ತದೆ. ಟೇಬಲ್ ಮೇಲೆ ಬಂದದ್ದನ್ನು ಕೌಂಟರ್ ಏನೂ ಮಾಡುವುದಿಲ್ಲ.

ಎರಡನೆಯದು ನಿಮ್ಮ ಸರದಿಯಲ್ಲೇ ಮಾನಾ ಖರ್ಚು ಮಾಡುವ ಕಂಟ್ರೋಲ್. ಬರುವವರು ಬರಲಿ ಅಂತ ಬಿಡುವುದು, ಎರಡು ಮೂರು ಜೀವಿ ಆದ ಮೇಲೆ ಸುಪ್ರೀಮ್ ವರ್ಡಿಕ್ಟ್ ಹಾಕಿ ಎಲ್ಲ ಗುಡಿಸುವುದು, ಮರುಸರದಿಗೆ ಟೆಫೆರಿ ಇಳಿಸುವುದು. ವರ್ಡಿಕ್ಟಿಗೆ ನಾಲ್ಕು ಮಾನಾ. ಅದನ್ನು ಕೌಂಟರ್ ಮಾಡಲು ಆಗುವುದಿಲ್ಲ ಅನ್ನುವುದೇ ಅದರ ಗಮ್ಮತ್ತು. ಅಗ್ರೋ ತುಂಬಿದ ಕೋಣೆಗೆ ಇದು ಸರಿ. ಕಾಂಬೋ ಎದುರು ಇದೇ ವರ್ಡಿಕ್ಟ್ ಬರೀ ಕಾಗದ.

ಮೂರನೆಯದು ಕಪ್ಪು ಬಣ್ಣದ್ದು. ಥಾಟ್‌ಸೀಜ್ ಹಾಕಿ ಕೈಯಿಂದಲೇ ಎಲೆ ಬಿಸಾಡಿಸುವುದು, ಬಂದ ಜೀವಿಗಳನ್ನು ಒಂದೊಂದಾಗಿ ಕೊಲ್ಲುವುದು. ಪಾಪರ್‌ನಲ್ಲಿ ಚೇನರ್ಸ್ ಈಡಿಕ್ಟ್, ಕ್ರಿಪ್ಟ್ ರ್‍ಯಾಟ್ಸ್, ಕೊನೆಗೆ ಗ್ರೇ ಮರ್ಚೆಂಟ್ ಬಂದು ಲೈಫ್ ಹೀರುವುದು. ಬರೀ ಸ್ವಾಂಪ್ (ಕಪ್ಪು ಮಾನಾ ಕೊಡುವ ಸಾದಾ ಲ್ಯಾಂಡ್) ಇಟ್ಟು ಕಟ್ಟಬಹುದು, ಲ್ಯಾಂಡಿಗೆ ಖರ್ಚೇ ಇಲ್ಲ. ಎದುರಿನವರ ಕೈ ನೋಡಲು ಸಿಗುವುದು ಹೊಸಬರಿಗೆ ದೊಡ್ಡ ಪಾಠ. ಆದರೆ ಆಟ ಉದ್ದ ಆದರೆ ಡಿಸ್ಕಾರ್ಡ್ ಎಲೆಗಳು ಸತ್ತ ಹಾಗೆ. ಎದುರಿನವರ ಕೈ ಖಾಲಿ ಇರುವಾಗ ನೀವು ಥಾಟ್‌ಸೀಜ್ ಎಳೆದರೆ ಏನು ಮಾಡುತ್ತೀರಿ?

ಪ್ರಿಸನ್ ಡೆಕ್, ಅಂದರೆ ಎದುರಿನವರು ಏನೂ ಆಡದ ಹಾಗೆ ಬೀಗ ಹಾಕುವುದು, ನಾಲ್ಕನೆಯ ಬಗೆ ಅಂತ ಹೇಳಬಹುದು. ವಾರ ವಾರ ಅದೇ ಮುಖಗಳನ್ನು ನೋಡಬೇಕಾದ ಜಾಗದಲ್ಲಿ ಅದು ಬೇಡ ಮಾರಾಯ್ರೆ.

ಮೊದಲ ಎರಡರ ವ್ಯತ್ಯಾಸ ಒಂದು ಕೈ ಇಟ್ಟುಕೊಂಡು ನೋಡೋಣ. ನಿಮ್ಮ ನಾಲ್ಕನೆಯ ಸರದಿ. ನಾಲ್ಕು ಲ್ಯಾಂಡ್ ಇವೆ. ಕೈಯಲ್ಲಿ ಸುಪ್ರೀಮ್ ವರ್ಡಿಕ್ಟ್, ಅಬ್ಸಾರ್ಬ್, ಮೆಮೊರಿ ಡೆಲ್ಯೂಜ್. ಅಬ್ಸಾರ್ಬ್ ಮೂರು ಮಾನಾಕ್ಕೆ ಸ್ಪೆಲ್ ತಡೆದು ಮೂರು ಲೈಫ್ ಕೊಡುತ್ತದೆ. ಡೆಲ್ಯೂಜ್ ನಾಲ್ಕು ಮಾನಾಕ್ಕೆ ಮೇಲಿನ ನಾಲ್ಕು ಎಲೆ ನೋಡಿ ಎರಡು ತೆಗೆದುಕೊಳ್ಳಲು ಬಿಡುತ್ತದೆ, ಅದನ್ನೂ ಎದುರಿನವರ ಸರದಿಯಲ್ಲೇ ಆಡಬಹುದು.

ಎದುರಿನವರ ಟೇಬಲ್ ಮೇಲೆ ಎರಡು ಬಲದ ಒಂದೇ ಜೀವಿ, ಕೈಯಲ್ಲಿ ನಾಲ್ಕು ಎಲೆ, ನಿಮ್ಮ ಲೈಫ್ 15 ಅಂದುಕೊಳ್ಳಿ. ಹೊಸಬರು ಹೆದರಿ ವರ್ಡಿಕ್ಟ್ ಹಾಕುತ್ತಾರೆ. ಒಂದು ಎಲೆಗೆ ಒಂದು ಎಲೆ ಹೋಯಿತು, ಮೇಲಿಂದ ನಾಲ್ಕೂ ಲ್ಯಾಂಡ್ ಟ್ಯಾಪ್, ಅಂದರೆ ಅವುಗಳ ಮಾನಾ ಖರ್ಚು. ಅವರ ಕೈಯಲ್ಲಿನ ನಾಲ್ಕು ಎಲೆಗೆ ಬಾಗಿಲು ತೆರೆದ ಹಾಗಾಯಿತು. ಇಲ್ಲಿ ಸುಮ್ನೆ "ಗೋ" ಅನ್ನಬೇಕು. ಎರಡು ಏಟು ತಿನ್ನಿ, 13ಕ್ಕೆ ಇಳಿಯಿರಿ. ಅವರು ಒಳ್ಳೆಯದು ಆಡಿದರೆ ಅಬ್ಸಾರ್ಬ್. ಸಾಧಾರಣದ್ದು ಆಡಿದರೆ ಬರಲಿ, ವರ್ಡಿಕ್ಟಿಗೆ ಇನ್ನೊಂದು ತುತ್ತು. ಏನೂ ಆಡದಿದ್ದರೆ ಡೆಲ್ಯೂಜ್.

ಈಗ ಅದೇ ಕೈ, ಆದರೆ ನಿಮ್ಮ ಲೈಫ್ 7. ಎದುರಿಗೆ ಎರಡು ಜೀವಿ, ಒಟ್ಟು ಐದು ಬಲ, ಕೈಯಲ್ಲಿ ಒಂದೇ ಎಲೆ. ಅಬ್ಸಾರ್ಬ್ ನಂಬಿ ಕೂತರೆ ಅವರು ಏನನ್ನೂ ಆಡದೆ ಬರೀ ಹೊಡೆಯುತ್ತಾರೆ. ನಿಮ್ಮ ಲೈಫ್ 2, ಅಬ್ಸಾರ್ಬ್ ಕೈಯಲ್ಲೇ. ಇಲ್ಲಿ ಯೋಚನೆಯೇ ಬೇಡ, ವರ್ಡಿಕ್ಟ್.

ಮೊದಲನೆಯ ಸ್ಥಿತಿಯಲ್ಲಿ ಕೈ ಕಟ್ಟಿ ಕೂರಲು ನಿಮಗೆ ಆಗುವುದಿಲ್ಲವಾದರೆ ಡ್ರಾ-ಗೋ ನಿಮಗಲ್ಲ. ತಪ್ಪೇನಿಲ್ಲ, ಸ್ವಭಾವ ಅಷ್ಟೇ. ಎರಡನೆಯ ಬಗೆಯ ಡೆಕ್ ಕಟ್ಟಿ. ಹೆಚ್ಚಿನ ಗಟ್ಟಿ ಪಟ್ಟಿಗಳು ಎರಡನ್ನೂ ಬೆರೆಸಿರುತ್ತವೆ. ಎಷ್ಟು ಪಾಲು ಬೆರೆಸಬೇಕು ಅನ್ನುವುದನ್ನು ನಿಮ್ಮ ಮೊಬೈಲಿನ ಆ ಪಟ್ಟಿ ಹೇಳುತ್ತದೆ.

ಲ್ಯಾಂಡ್ ಕಡಿಮೆ ಮಾಡಬೇಡಿ

ಡೆಕ್ ತಿದ್ದಲು ಕೂತವರು ಮೊದಲು ಕತ್ತರಿ ಹಾಕುವುದು ಲ್ಯಾಂಡಿಗೆ. "ಇನ್ನೊಂದು ಒಳ್ಳೆಯ ಎಲೆಗೆ ಜಾಗ ಬೇಕು, 24 ಸಾಕಲ್ವಾ?" ಸಾಕಾಗುವುದಿಲ್ಲ. ಲೆಕ್ಕ ನೋಡಿ. 60 ಎಲೆಯ ಡೆಕ್, ನೀವು ಮೊದಲು ಆಡುತ್ತೀರಿ. ನಾಲ್ಕನೆಯ ಸರದಿಗೆ ಹತ್ತು ಎಲೆ ನೋಡಿರುತ್ತೀರಿ. ಆ ಹತ್ತರಲ್ಲಿ ಕನಿಷ್ಠ ನಾಲ್ಕು ಲ್ಯಾಂಡ್ ಇರುವ ಸಾಧ್ಯತೆ 24 ಲ್ಯಾಂಡ್ ಇದ್ದರೆ ಶೇ. 63, 26 ಇದ್ದರೆ ಶೇ. 72, 27ಕ್ಕೆ ಶೇ. 75ರ ಮೇಲೆ. ವರ್ಡಿಕ್ಟನ್ನು ಸರಿಯಾದ ಹೊತ್ತಿಗೆ ಹಾಕುವುದೇ ನಿಮ್ಮ ಜೀವ ಉಳಿಸುವ ದಾರಿ ಅಂದ ಮೇಲೆ ಈ ಒಂಬತ್ತು ಶೇಕಡಾ ಸಣ್ಣದಲ್ಲ. ಪಯೋನಿಯರ್‌ನಲ್ಲಿ 26ಕ್ಕಿಂತ ಕೆಳಗೆ ಇಳಿಯಬೇಡಿ.

ಪಾಪರ್‌ನ ನೀಲಿ ಡೆಕ್ಕುಗಳಲ್ಲಿ ಮಾತ್ರ ಇಷ್ಟು ಬೇಡ. ಅಲ್ಲಿ ಒಂದು ಮಾನಾಕ್ಕೆ ಎಲೆ ಹುಡುಕುವ ಪಾಂಡರ್, ಬ್ರೇನ್‌ಸ್ಟಾರ್ಮ್ ಇವೆ. ಲೊರಿಯನ್ ರಿವೀಲ್ಡ್ ಒಂದು ಮಾನಾಕ್ಕೆ ಐಲ್ಯಾಂಡ್ (ನೀಲಿ ಮಾನಾದ ಲ್ಯಾಂಡ್) ಹುಡುಕಿ ಕೊಡುತ್ತದೆ, ಆಟ ಉದ್ದ ಆದಾಗ ಅದೇ ಐದು ಮಾನಾಕ್ಕೆ ಮೂರು ಎಲೆ ಎಳೆಯಲು ಬಿಡುತ್ತದೆ.

ಇದೇ ಲೆಕ್ಕ ಸ್ವೀಪರ್‌ಗೂ ಹಾಕಿ. ವರ್ಡಿಕ್ಟ್ ನಾಲ್ಕು ಪ್ರತಿ ಇಟ್ಟರೂ ಹತ್ತು ಎಲೆಯಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ. 53. ಅರ್ಧಕ್ಕರ್ಧ! ಅದೇ ಥರದ ಇನ್ನೆರಡು ಎಲೆ ಸೇರಿಸಿ ಆರು ಮಾಡಿದರೆ ಶೇ. 68ಕ್ಕೆ ಏರುತ್ತದೆ. ಕೋಣೆಯಲ್ಲಿ ಅರ್ಧ ಜನ ಅಗ್ರೋ ಆದರೆ ಆರು ಇಡಿ. ಒಬ್ಬಿಬ್ಬರಾದರೆ ಮೂರು ಇಟ್ಟು ಉಳಿದದ್ದನ್ನು ಸೈಡ್‌ಬೋರ್ಡಿಗೆ, ಅಂದರೆ ಮೊದಲ ಆಟದ ಮೇಲೆ ಬದಲಿಸಲು ಇಡುವ ಎಲೆಗಳಿಗೆ ಹಾಕಿ.

ಗೆಲ್ಲುವುದು ಯಾವಾಗ?

1990ರ ದಶಕದಲ್ಲಿ ಬ್ರಯಾನ್ ವೈಸ್‌ಮನ್ ಕಟ್ಟಿದ "ದ ಡೆಕ್" ಕಂಟ್ರೋಲ್ ಡೆಕ್ಕುಗಳ ಅಜ್ಜ. ಅದರಲ್ಲಿ ಹೊಡೆದು ಗೆಲ್ಲಲು ಇದ್ದದ್ದು ಸೆರ್ರಾ ಏಂಜೆಲ್ ಒಂದೆರಡು ಪ್ರತಿ. ಉಳಿದದ್ದೆಲ್ಲ ತಡೆಯಲು, ಎಲೆ ಎಳೆಯಲು. ಇವತ್ತಿಗೂ ತತ್ವ ಅದೇ. ಗೆಲ್ಲುವ ಎಲೆ ಜಾಸ್ತಿ ಇಟ್ಟರೆ ಮದುವೆ ಮನೆಗೆ ಐದು ಜನ ಪುರೋಹಿತರನ್ನು ಕರೆದ ಹಾಗೆ, ಕೆಲಸ ಒಬ್ಬರದ್ದೇ, ಉಳಿದವರು ಜಾಗ ಹಿಡಿದು ಕೂರುತ್ತಾರೆ.

ಆದರೆ ಅತಿಯಾಗಿ ಕಡಿಮೆ ಮಾಡುವವರೂ ಇದ್ದಾರೆ. ಟೆಫೆರಿ ತನ್ನನ್ನೇ ಡೆಕ್ಕಿನ ಮೇಲಿಂದ ಮೂರನೆಯ ಜಾಗಕ್ಕೆ ವಾಪಸು ಹಾಕಿಕೊಳ್ಳಬಲ್ಲ. ಹಾಗಾಗಿ ನಿಮ್ಮ ಡೆಕ್ ಯಾವತ್ತೂ ಖಾಲಿ ಆಗುವುದಿಲ್ಲ. ಎದುರಿನವರ ಡೆಕ್ ಖಾಲಿ ಆಗುವ ತನಕ ಕಾದು ಗೆಲ್ಲಬಹುದು. ಕೇಳಲು ಚೆಂದ. ಕಂಪ್ಯೂಟರಲ್ಲಿ ಆಡುವಾಗಲೂ ಚೆಂದ. ಅಂಗಡಿಯಲ್ಲಿ ಸಾಮಾನ್ಯವಾಗಿ ಒಂದು ಸುತ್ತಿಗೆ 50 ನಿಮಿಷ, ಮೂರರಲ್ಲಿ ಎರಡು ಆಟ ಗೆಲ್ಲಬೇಕು. ಹೊತ್ತು ಮುಗಿದರೆ ಇನ್ನೈದು ಸರದಿ, ಆಮೇಲೂ ಇಬ್ಬರ ಗೆಲುವು ಸಮ ಇದ್ದರೆ ಡ್ರಾ. ಗೆದ್ದರೆ ಮೂರು ಪಾಯಿಂಟ್, ಡ್ರಾಗೆ ಒಂದು. ಅಂದರೆ ಎರಡು ಡ್ರಾ ಸೇರಿದರೂ ಒಂದು ಗೆಲುವಿಗೆ ಸಮ ಇಲ್ಲ. ಮೊದಲ ಆಟವನ್ನೇ 40 ನಿಮಿಷ ಎಳೆದರೆ ಎರಡನೆಯದನ್ನು ಸೋತಾಗ ಮೂರನೆಯದಕ್ಕೆ ಸಮಯವೇ ಇರುವುದಿಲ್ಲ.

ಹಾಗಾಗಿ ಟೆಫೆರಿ ಒಬ್ಬನನ್ನೇ ನಂಬಬೇಡಿ. ನನಗೆ ಹಿಡಿಸುವುದು ಜೀವಿಯಾಗಿ ಬದಲಾಗುವ ಲ್ಯಾಂಡ್. ಬಿಳಿ-ನೀಲಿಗೆ ರೆಸ್ಟ್‌ಲೆಸ್ ಆಂಕರೇಜ್ ಇದೆ. ಲ್ಯಾಂಡ್ ಲೆಕ್ಕದಲ್ಲೇ ಬರುತ್ತದೆ, ಬೇರೆ ಜಾಗ ಕೇಳುವುದಿಲ್ಲ, ನೀವೇ ಹಾಕಿದ ವರ್ಡಿಕ್ಟಿಗೆ ಸಾಯುವುದಿಲ್ಲ. ಶಾರ್ಕ್ ಟೈಫೂನ್ ಕೂಡ ಒಳ್ಳೆಯದು. ಅದನ್ನು ಸೈಕ್ಲಿಂಗ್ ಮಾಡಿದರೆ, ಅಂದರೆ ಆಡದೆ ಮಾನಾ ಕೊಟ್ಟು ಬಿಸಾಡಿದರೆ, ಒಂದು ಎಲೆಯೂ ಸಿಗುತ್ತದೆ, ಹಾರುವ ಶಾರ್ಕೂ ಬರುತ್ತದೆ, ಮಾಮೂಲಿ ಕೌಂಟರ್‌ಗೆ ಸಿಗುವುದೂ ಇಲ್ಲ. ಇನ್ನೊಂದು ಕಂಟ್ರೋಲ್ ಡೆಕ್ ಎದುರು ಕೂತಾಗ ಇದರ ಬೆಲೆ ಗೊತ್ತಾಗುತ್ತದೆ.

ಬೇಗ ಆಡುವುದೂ ಅಭ್ಯಾಸವೇ. ಭಾನುವಾರ ರೈಲು ಹಳಿ ರಿಪೇರಿಯ ಮೆಗಾ ಬ್ಲಾಕ್ ಇದ್ದ ದಿನ ಡೊಂಬಿವಲಿಯವರು ಮೊದಲೇ ತಡವಾಗಿ ಬಂದಿರುತ್ತಾರೆ. ಪ್ರತಿ ಸುತ್ತನ್ನೂ ಕೊನೆಯ ನಿಮಿಷದವರೆಗೆ ಎಳೆಯುವ ಕಂಟ್ರೋಲ್ ಆಟಗಾರನನ್ನು ಕಂಡರೆ ಇಡೀ ಕೋಣೆಗೆ ಸಿಟ್ಟು. ಮಾಡಲು ಏನೂ ಇಲ್ಲದ ಸರದಿಯಲ್ಲಿ ಯೋಚಿಸುವ ನಾಟಕ ಬೇಡ. ಬ್ಲಫ್ ಮಾಡಬೇಕಾದರೆ ಎರಡು ನೀಲಿ ಲ್ಯಾಂಡ್ ಟ್ಯಾಪ್ ಮಾಡದೆ ಬಿಟ್ಟರೆ ಸಾಕು.

ಸೈಡ್‌ಬೋರ್ಡಿನ 15

ಮೊದಲ ಆಟ ಆದ ಮೇಲೆ ಡೆಕ್ ಬದಲಾಯಿಸಲು ಸಿಗುವ ಈ 15 ಎಲೆಗಳು ಕಂಟ್ರೋಲ್ ಆಟಗಾರನಿಗೆ ಉಳಿದವರಿಗಿಂತ ಜಾಸ್ತಿ ಉಪಯೋಗ. ಮೊದಲ ಆಟದಲ್ಲಿ ಸುಮ್ನೆ ಕೂತಿದ್ದ ಎಲೆಗಳನ್ನು ತೆಗೆದು ಬೇಕಾದದ್ದನ್ನು ತರಬಹುದು. ಯಾವುದು ಒಳಗೆ ಅನ್ನುವುದಕ್ಕಿಂತ ಯಾವುದು ಹೊರಗೆ ಅನ್ನುವುದನ್ನು ಮೊದಲು ಬರೆದಿಡಿ. ಕಂಟ್ರೋಲ್ ಎದುರು ವರ್ಡಿಕ್ಟುಗಳು ಹೊರಗೆ, ಡೋವಿನ್ಸ್ ವೀಟೋ, ಮಿಸ್ಟಿಕಲ್ ಡಿಸ್ಪ್ಯೂಟ್ ಥರದ ಕೌಂಟರ್‌ಗಳು ಒಳಗೆ. ಡಿಸ್ಪ್ಯೂಟ್ ನೀಲಿ ಸ್ಪೆಲ್ ತಡೆಯುವಾಗ ಒಂದೇ ಮಾನಾ. ಕೆಂಪು ಅಗ್ರೋ ಎದುರು ದುಬಾರಿ ಎಲೆಗಳು ಹೊರಗೆ. ಗ್ರೇವ್‌ಯಾರ್ಡ್ (ಬಳಸಿ ಬಿಸಾಡಿದ ಎಲೆಗಳ ರಾಶಿ) ಮೇಲೆ ನಿಂತ ಡೆಕ್ಕುಗಳಿಗೆ ರೆಸ್ಟ್ ಇನ್ ಪೀಸ್. ಪಾಪರ್‌ನಲ್ಲಿ ನೀಲಿ ಆಡುವವರಿಗೆ ಕೆಂಪಿನ ಎದುರು ಹೈಡ್ರೋಬ್ಲಾಸ್ಟ್, ಒಂದೇ ಮಾನಾಕ್ಕೆ ಕೆಂಪು ಸ್ಪೆಲ್ ತಡೆಯುತ್ತದೆ, ಇಲ್ಲವೇ ಟೇಬಲ್ ಮೇಲಿರುವ ಕೆಂಪು ಎಲೆಯನ್ನು ಒಡೆಯುತ್ತದೆ. ನಿಮ್ಮ ಅಂಗಡಿಯಲ್ಲಿ ಯಾರೂ ಗ್ರೇವ್‌ಯಾರ್ಡ್ ಡೆಕ್ ಆಡದಿದ್ದರೆ ಅದಕ್ಕೆ ನಾಲ್ಕು ಜಾಗ ಕೊಡುವುದು ದಂಡ.

ತಿದ್ದುವಾಗ ಒಂದು ವಾರಕ್ಕೆ ಎರಡು ಮೂರು ಎಲೆ ಬದಲಿಸಿ, ಅಷ್ಟೇ. ಹತ್ತು ಬದಲಿಸಿದರೆ ಯಾವುದರಿಂದ ಗೆದ್ದಿರಿ, ಯಾವುದರಿಂದ ಸೋತಿರಿ ಅಂತ ಗೊತ್ತಾಗುವುದಿಲ್ಲ. ಕೊಳ್ಳುವ ಮೊದಲು ಕಾಗದದಲ್ಲಿ ಪ್ರಿಂಟ್ ತೆಗೆದು ಸ್ಲೀವಿಗೆ (ಎಲೆಯ ಪ್ಲಾಸ್ಟಿಕ್ ಹೊದಿಕೆಗೆ) ಹಾಕಿ ಮನೆಯಲ್ಲಿ, ಗೆಳೆಯರ ಜೊತೆ ಆಡಿ ನೋಡಿ. ಅಧಿಕೃತ ಟೂರ್ನಮೆಂಟಿನಲ್ಲಿ ಅದು ನಡೆಯುವುದಿಲ್ಲ.

ಬೇರೆ ಆಟ ಆಡುವವರಿಗೆ

ಪೊಕೆಮಾನ್‌ನಲ್ಲೂ 60 ಎಲೆ, ಆದರೆ ಸೈಡ್‌ಬೋರ್ಡ್ ಇಲ್ಲ, ಎದುರಿನವರ ಸರದಿಯಲ್ಲಿ ಎಲೆ ಹಾಕಿ ತಡೆಯುವುದೂ ಇಲ್ಲ. ಅಲ್ಲಿ ಕಂಟ್ರೋಲ್ ಅಂದರೆ ಎದುರಿನವರ ಎನರ್ಜಿ (ಹೊಡೆಯಲು ಬೇಕಾದ ಎಲೆಗಳು) ಕಿತ್ತು, ಕೆಲಸಕ್ಕೆ ಬಾರದ ಪೊಕೆಮಾನ್ ಒಂದನ್ನು ಮುಂದೆ ಸಿಕ್ಕಿಸಿ, ಡೆಕ್ ಖಾಲಿ ಆಗುವ ತನಕ ಕಾಯುವುದು. ತಾಳ್ಮೆಗಿಂತ ಎಣಿಕೆ ಜಾಸ್ತಿ ಬೇಕು. ಯು-ಗಿ-ಓದಲ್ಲಿ ಮಾನಾ ಅನ್ನುವುದೇ ಇಲ್ಲ. ಡೆಕ್ 40ರಿಂದ 60. ಮೊದಲ ಸರದಿಯಲ್ಲೇ ಎದುರಿನವರು ಅರ್ಧ ಡೆಕ್ ಬಿಚ್ಚಿ ಹರಡಬಲ್ಲರು. ಕೈಯಿಂದಲೇ ತಡೆಯುವ ಆಶ್ ಬ್ಲಾಸಮ್ ಥರದ ಎಲೆಗಳಿಲ್ಲದೆ ಅಲ್ಲಿ ಯಾವ ಕಂಟ್ರೋಲೂ ಉಳಿಯುವುದಿಲ್ಲ. ಮ್ಯಾಜಿಕ್‌ನ ಡ್ರಾ-ಗೋ ಇಷ್ಟವಾದವರಿಗೆ ಎಲೆ ಮುಚ್ಚಿಟ್ಟು ಎದುರಿನವರ ಸರದಿಯಲ್ಲಿ ಬಿಚ್ಚುವ ಅಲ್ಲಿನ ಟ್ರ್ಯಾಪ್ ಡೆಕ್ಕುಗಳು ಹಿಡಿಸಬಹುದು.

ಕೊಳ್ಳುವಾಗ

ಮೊದಲು ಲ್ಯಾಂಡ್ ಕೊಳ್ಳಿ. ಡೆಕ್ ಬದಲಾದರೂ ಬಣ್ಣ ಅದೇ ಇದ್ದರೆ ಲ್ಯಾಂಡ್ ಉಳಿಯುತ್ತದೆ. ಟೆಫೆರಿಯಂಥ ದುಬಾರಿ ಎಲೆ ಕೊನೆಗೆ, ಅಷ್ಟರವರೆಗೆ ಎರಡು ಪ್ರತಿ ಯಾರಿಂದಲಾದರೂ ಕೇಳಿ ತೆಗೆದುಕೊಳ್ಳಿ. ನಮ್ಮವರು ಕೊಡುತ್ತಾರೆ, ಕಾಫಿ ಕುಡಿಸಿದರೆ ಆಯಿತು.

ಮಿರುಗುವ ಫಾಯಿಲ್ ಎಲೆ ಮಾತ್ರ ಮುಂಬೈಯಲ್ಲಿ ಬೇಡ. ಜೂನ್ ಬಂತೆಂದರೆ ತೇವಕ್ಕೆ ಬಿಲ್ಲಿನ ಹಾಗೆ ಬಾಗುತ್ತದೆ. ಡೆಕ್ಕಿನಲ್ಲಿ ನಾಲ್ಕೇ ಎಲೆ ಬಾಗಿದ್ದರೆ ಅವು ಎಲ್ಲಿವೆ ಅಂತ ಮೇಲಿಂದ ನೋಡಿದರೇ ತಿಳಿಯುತ್ತದೆ. ಗುರುತು ಮಾಡಿದ ಎಲೆ ಅಂತ ಜಡ್ಜ್ ಹಿಡಿದರೆ ಉದ್ದೇಶ ಇರಲಿಲ್ಲ ಅಂದರೂ ದಂಡ ತಪ್ಪುವುದಿಲ್ಲ. ಸ್ಲೀವ್ ವಿಷಯವೂ ಹಾಗೇ. ಡೆಕ್ 60, ಸೈಡ್‌ಬೋರ್ಡ್ 15, ಒಟ್ಟು 75. ನೂರರ ಪ್ಯಾಕ್ ತೆಗೆದುಕೊಂಡರೆ 25 ಉಳಿಯುತ್ತವೆ. ಹರಿದ ಕಡೆ ಅದರಿಂದಲೇ ಹಾಕಿ. ಕಂಪನಿ, ಬಣ್ಣ ಒಂದೇ ಆದರೂ ಇನ್ನೊಂದು ಪ್ಯಾಕಿನದ್ದನ್ನು ಬೆರೆಸಬೇಡಿ.